ಈಜು, ಸೈಕಲ್ಲು, ಓಟ ಮತ್ತು ಒಂದು ಕಾಜಾ

ಒಂದೇ ಕೆಲಸವನ್ನು ಬಹಳ ವರ್ಷ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಮಿಕ್ಕ ಕೆಲಸಗಳೆಲ್ಲ ತಮಗೆ ತಾನಾಗಿಯೇ ಬರುತ್ತವೆ, ಯಾರೂ ಕೇಳಲಿಲ್ಲವಾದ್ದರಿಂದ ಮಾಡಿ ತೋರಿಸಿಲ್ಲ ಅಷ್ಟೇ, ಅಂತ ಅವರು ನಂಬಿಬಿಡುತ್ತಾರೆ. ನಮ್ಮ ಬೀದಿಯ ನಿವೃತ್ತ ಕಂಡಕ್ಟರು ಮನೆ ಕಟ್ಟುವವರಿಗೆ ಪಾಯ ಎಷ್ಟು ಆಳ ಇರಬೇಕು ಅಂತ ಹೇಳಿಕೊಡುತ್ತಾರೆ. ಕಿರಾಣಿ ಅಂಗಡಿಯ ಶೆಟ್ಟರು ಕಣ್ಣಿನ ಆಪರೇಷನ್ನಿನ ಬಗ್ಗೆ ಡಾಕ್ಟರಿಗಿಂತ ಧೈರ್ಯವಾಗಿ ಮಾತಾಡುತ್ತಾರೆ. ಇವರನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದವನು ನಾನು. ಆ ಕಾಯಿಲೆ ನನಗೂ ಇದೆ, ಅದೂ ಚೆನ್ನಾಗಿ ಬಲಿತಿದೆ ಅಂತ ಗೊತ್ತಾದದ್ದು ನನ್ನ ಅಕ್ಕನ ಮಗಳು ಓಟದ ಜೊತೆಗೆ ಈಜಲು ಹೊರಟ ವರ್ಷ. ಇದನ್ನು ಹೇಳಿಕೊಳ್ಳುವುದು ನನಗೆ ಸಂತೋಷದ ವಿಷಯವಲ್ಲ. ಆದರೆ ನಮ್ಮ ಮನೆಯ ಇಬ್ಬರು ಹೆಂಗಸರು ಈಗಾಗಲೇ ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದಾರೆ. ಐದನೆಯ ಮನೆಗಾದರೂ ನಾನೇ ಹೇಳಿದರೆ ಸ್ವಲ್ಪ ಮರ್ಯಾದೆ ಉಳಿದೀತು.

ನಾನು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಬೆಲ್ಟ್ ಹಾಕುವವನು. ಬೆಲ್ಟ್ ಅಂದರೆ ಚರ್ಮದ್ದಲ್ಲ, ಪ್ಯಾಂಟಿನ ಸೊಂಟದ ಪಟ್ಟಿ. ನಮ್ಮ ಕಸುಬಿನಲ್ಲಿ ಅದಕ್ಕೆ ಹಾಗೇ ಅನ್ನುತ್ತಾರೆ. ಹುಟ್ಟೂರು ಮಡಕಶಿರಾ ಕಡೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೇ ಒಂದು ಟೈಲರ್ ಅಂಗಡಿ ಇತ್ತು. ಅಳತೆ ತೆಗೆಯುವುದರಿಂದ ಹಿಡಿದು ಗುಂಡಿ ಹಾಕುವವರೆಗೆ ಎಲ್ಲ ನನ್ನದೇ ಕೈ. ಮದುವೆಗೆ ನಾನು ಹೊಲಿದ ಪ್ಯಾಂಟು ಹಾಕಿಕೊಂಡವರು ಮಡಕಶಿರಾದಲ್ಲಿ ಈಗಲೂ ಇದ್ದಾರೆ. ಪ್ಯಾಂಟು ಇಲ್ಲ, ಅವರಿದ್ದಾರೆ. ಆಮೇಲೆ ರೆಡಿಮೇಡ್ ಬಂತು. ಬರುವ ಗಿರಾಕಿಗಳೆಲ್ಲ ಉದ್ದ ಕಡಿಮೆ ಮಾಡಿಸಿಕೊಳ್ಳಲು ಮಾತ್ರ ಬರತೊಡಗಿದರು. ಊರಿನ ಅರ್ಧ ಜನ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟಾಗ ನಾನು ರಾಯದುರ್ಗದ ಬಸ್ಸು ಹತ್ತಿದೆ. ಇಲ್ಲಿಯ ಯಜಮಾನರು ಏನು ಬರುತ್ತದೆ ಅಂತ ಕೇಳಿದರು. ಪೂರ್ತಿ ಪ್ಯಾಂಟು ಬರುತ್ತದೆ ಅಂದೆ. ಅವರು ನಕ್ಕರು. ಇಲ್ಲಿ ಪೂರ್ತಿ ಪ್ಯಾಂಟು ಯಾರೂ ಹೊಲಿಯುವುದಿಲ್ಲ. ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಬೆಲ್ಟು, ಒಬ್ಬರು ಕಾಜಾ. ಕಾಜಾ ಅಂದರೆ ಗುಂಡಿಯ ತೂತು. ನನ್ನ ಪಾಲಿಗೆ ಬೆಲ್ಟ್ ಬಂತು, ಹದಿನೇಳು ವರ್ಷದಿಂದ ಅದೇ ಬರುತ್ತಿದೆ. ಈಗ ಯಾರನ್ನು ನೋಡಿದರೂ ನನಗೆ ಮೊದಲು ಕಾಣುವುದು ಸೊಂಟ. ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ, ಹೆಂಡತಿಗೆ ವಿವರಿಸುವುದು ಇನ್ನೂ ಕಷ್ಟ.

ಹೆಂಡತಿ ಹುಲಿಗೆಮ್ಮ ಬೊಮ್ಮನಹಾಳ್ ಕಡೆಯವಳು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆಯಲ್ಲಿ ಬೆಳೆದವಳು. ನನ್ನ ಅಕ್ಕ ಪುಟ್ಟಕ್ಕನ ಮಗಳು ಅಂಜಿನಮ್ಮ, ಅಂದರೆ ಅಂಜಿನಿ, ನಾಲ್ಕು ವರ್ಷದ ಹಿಂದೆ ಮಡಕಶಿರಾ ಕಡೆಯಿಂದ ನಮ್ಮ ಮನೆಗೆ ಬಂದಳು. ಬೆಳಗಾಗುವ ಮುಂಚೆ ಬೆಟ್ಟದ ಬುಡದ ರಸ್ತೆಯಲ್ಲಿ ಓಡುವುದು, ಹಗಲು ನಮ್ಮ ಯೂನಿಟ್ಟಿನಲ್ಲಿ ಬೆಲ್ಟಿನ ಮೇಲಿನ ಕುಣಿಕೆ, ಅಂದರೆ ಲೂಪ್, ಹಾಕುವುದು, ಇದು ಅವಳ ದಿನಚರಿ. ಹತ್ತು ಸಾವಿರ ಮೀಟರ್ ಓಟದಲ್ಲಿ ಅವಳು ರಾಜ್ಯಕ್ಕೆ ಎರಡನೆಯವಳು. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಅವಳ ಮುಂದೆ ಅದೇ ಒಬ್ಬ ಹುಡುಗಿ. ಆ ಹುಡುಗಿಯ ಬೆನ್ನು ಅಂಜಿನಿಗೆ ಎಷ್ಟು ಪರಿಚಯ ಅಂದರೆ, ಎದುರಿಗೆ ಬಂದರೆ ಮುಖ ಗುರುತು ಸಿಗುತ್ತದೋ ಇಲ್ಲವೋ ಅನ್ನುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಒಂದೇ: ವ್ಯಾಯಾಮ ಶಿಕ್ಷಕರ ಕಾಲೇಜಿನಲ್ಲಿ ಒಂದು ಸೀಟು. ಶಾಲೆಯ ಮೈದಾನದಲ್ಲಿ ಸೀಟಿ ಊದುವ ಟೀಚರಾಗಬೇಕು ಅನ್ನುವುದು ಅವಳ ಚಿಕ್ಕಂದಿನ ಆಸೆ. ಅದಕ್ಕೆ ರಾಜ್ಯದ ತಂಡದಲ್ಲಿ ಹೆಸರಿರಬೇಕು. ಓಟದಲ್ಲಿ ತಂಡಕ್ಕೆ ಮೊದಲನೆಯವಳನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ವಯಸ್ಸಿನ ಮಿತಿ ಮುಗಿಯಲು ಉಳಿದದ್ದು ಎರಡು ವರ್ಷ. ಅಷ್ಟರಲ್ಲಿ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾಯಿತು. ಬಳ್ಳಾರಿಯ ಡಾಕ್ಟರು ಫೋಟೋ ತೆಗೆಸಿ, ಓಟ ಅರ್ಧಕ್ಕೆ ಇಳಿಸು, ಬೇಕಾದರೆ ಈಜು, ಸೈಕಲ್ ತುಳಿ ಅಂದರು. ಅಂಜಿನಿ ಆವತ್ತು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತವಳು ರಾಯದುರ್ಗ ಬರುವವರೆಗೆ ಮಾತಾಡಲಿಲ್ಲ. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಆಗ ದಾರಿ ತೋರಿಸಿದವರು ಡ್ರಿಲ್ ಸಾರ್ ವೀರಭದ್ರಪ್ಪನವರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸೀಟಿ ಊದಿ ನಿವೃತ್ತರಾದವರು, ಅಂಜಿನಿಗೆ ಓಟದ ಗುರುಗಳು. ಅವರು ಮನೆಗೆ ಬಂದು, ಡಾಕ್ಟರು ಹೇಳಿದ ಮೂರನ್ನೂ ಒಟ್ಟಿಗೆ ಮಾಡುವ ಒಂದು ಆಟವೇ ಇದೆ, ಅದರ ಹೆಸರು ಟ್ರಯಾತ್ಲಾನ್ ಅಂತ ಹೇಳಿದರು. ಮುಕ್ಕಾಲು ಕಿಲೋಮೀಟರ್ ಈಜಬೇಕು, ಎದ್ದು ಬಂದು ಇಪ್ಪತ್ತು ಕಿಲೋಮೀಟರ್ ಸೈಕಲ್ ತುಳಿಯಬೇಕು, ಇಳಿದು ಐದು ಕಿಲೋಮೀಟರ್ ಓಡಬೇಕು. ನಡುವೆ ಗಡಿಯಾರ ನಿಲ್ಲುವುದಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೆ ಬರುವ ಹುಡುಗಿಯರು ಕಡಿಮೆ, ಮೊದಲ ಮೂವರನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೆ ಅಂದರು. ಅಂಜಿನಿ ಮೊದಲ ಬಾರಿಗೆ ಬಾಯಿಬಿಟ್ಟು, ಈಜು ಬರಲ್ವಲ್ಲ ಸಾರ್ ಅಂದಳು. ಅವರು, ಓಟವೂ ಹುಟ್ಟಿದಾಗ ಬರುತ್ತಿರಲಿಲ್ಲ ಅಂದರು.

ಮರುದಿನ ಯೂನಿಟ್ಟಿನ ಚಹಾ ಹೊತ್ತಿನಲ್ಲಿ ಇದೇ ಚರ್ಚೆ. ಒಳ್ಳೆಯ ಓಟಗಾರ ಈ ಮೂರಾಟಕ್ಕೆ ಬಂದರೆ ಗೆಲ್ಲುತ್ತಾನೋ ಇಲ್ಲವೋ. ಕಟಿಂಗ್ ಟೇಬಲ್ಲಿನವರ ಅಭಿಪ್ರಾಯ ಇಲ್ಲ ಅಂತ. ಓಡಿ ಓಡಿ ಒಣಗಿದ ಮೈಯಲ್ಲಿ ಕೊಬ್ಬಿರುವುದಿಲ್ಲ, ನೀರಿಗೆ ಬಿದ್ದರೆ ಕಾಲು ಮೊದಲು ಮುಳುಗುತ್ತದೆ ಅನ್ನುವುದು ಅವರ ವಾದ. ಜೇಬಿನವರು, ದಮ್ಮು ಇದ್ದರೆ ಮಿಕ್ಕದ್ದೆಲ್ಲ ಕೈಗೆ ಕೂರುತ್ತದೆ, ಎದೆಗೂಡು ತಯಾರಾಗಿದೆಯಲ್ಲ ಅಂದರು. ನಾನು ಇಬ್ಬರ ಮಾತನ್ನೂ ಕೇಳಿ, ತೀರ್ಪು ಕೊಡುವವನ ಹಾಗೆ ಲೋಟ ಕೆಳಗಿಟ್ಟು, ಒಂದು ಕೆಲಸ ಪಕ್ಕಾ ಬಂದವರಿಗೆ ಯಾವ ಕೆಲಸವೂ ಬರುತ್ತದೆ, ಬೆಲ್ಟಿನವನನ್ನು ಇವತ್ತು ಕಾಜಾಕ್ಕೆ ಕೂರಿಸಿದರೆ ಸಂಜೆಯ ಹೊತ್ತಿಗೆ ಕೈ ಕುದುರುತ್ತದೆ ಅಂದೆ. ಕಾಜಾ ಮಷೀನಿನ ಫಾತಿಮಾಬಿ ನನ್ನನ್ನು ಒಂದು ಸಲ ನೋಡಿ, ಚಹಾ ಮುಗಿಸಿ ಎದ್ದು ಹೋದಳು. ಆ ನೋಟದ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಈಜು ಕಲಿಯಲು ರಾಯದುರ್ಗದಲ್ಲಿ ನೀರೆಲ್ಲಿದೆ? ಹುಲಿಗೆಮ್ಮನ ತವರಿನ ಹತ್ತಿರ ಕಾಲುವೆಯಿದೆ, ತುಂಗಭದ್ರೆಯ ನೀರು. ದೊಡ್ಡ ಕಾಲುವೆಗೆ ಇಳಿಯುವುದು ಬೇಡ ಅಂತ, ಎದೆಮಟ್ಟದ ಒಂದು ಕವಲು ಕಾಲುವೆಯನ್ನು ಅವಳೇ ಆರಿಸಿದಳು. ಮೊದಲ ದಿನ ಅಂಜಿನಿಯ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನೀರಿಗೆ ಬಿಟ್ಟೆವು. ಕಟಿಂಗ್ ಟೇಬಲ್ಲಿನವರು ಹೇಳಿದ್ದು ನಿಜವಾಯಿತು. ರಾಜ್ಯಕ್ಕೆ ಎರಡನೆಯ ಕಾಲುಗಳು ಕಲ್ಲಿನ ಹಾಗೆ ತಳಕ್ಕೆ ಇಳಿದವು, ಡಬ್ಬಿಯೊಂದೇ ಮೇಲೆ ತೇಲುತ್ತಿತ್ತು. ಹುಲಿಗೆಮ್ಮ ಸೀರೆ ಎತ್ತಿ ಕಟ್ಟಿ ತಾನೇ ಇಳಿದು, ಹುಡುಗಿಯ ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿದಳು. ನಾನು ಏರಿಯ ಮೇಲೆ ನಿಂತು ಸಲಹೆ ಕೊಡುತ್ತಿದ್ದೆ. ಕಾಲು ಹೀಗೆ ಬಡಿ, ಕೈ ಹಾಗೆ ಚಾಚು. ನಾನು ಚಿಕ್ಕವನಿದ್ದಾಗ ನಮ್ಮೂರ ಬಾವಿಯಲ್ಲಿ ಈಜಿದವನು, ಅಂದರೆ ಮೇಲಿಂದ ಹಾರಿ ಮೆಟ್ಟಿಲವರೆಗೆ ಬಂದವನು. ಆ ಬಾವಿಯ ಅಗಲ ಹದಿನೈದು ಅಡಿ. ಎರಡು ತಿಂಗಳಲ್ಲಿ ಅಂಜಿನಿ ಡಬ್ಬಿ ಬಿಚ್ಚಿದಳು, ನಾಲ್ಕನೆಯ ತಿಂಗಳಿಗೆ ನಿಲ್ಲದೆ ಈಜತೊಡಗಿದಳು. ಕಲಿಸಿದವಳು ಹುಲಿಗೆಮ್ಮ, ಯೂನಿಟ್ಟಿನಲ್ಲಿ ಹೆಸರು ಬಂದದ್ದು ನನಗೆ.

ನಾನು ಗಡಿಯಾರ ಕೈಗೆ ತೆಗೆದುಕೊಂಡದ್ದು ಆಮೇಲೆ. ಶುಕ್ರವಾರ ನಮ್ಮ ಯೂನಿಟ್ಟಿಗೆ ಕರೆಂಟು ಕೊಡುವುದಿಲ್ಲ, ಹಾಗಾಗಿ ರಜೆ. ಆ ದಿನ ಅಂಜಿನಿ ಡ್ರಿಲ್ ಸಾರ್ ತಂದುಕೊಟ್ಟ ಗೇರ್ ಸೈಕಲ್ಲಿನಲ್ಲಿ ಮುಂದೆ, ನಾನು ಮೊಪೆಡ್ಡಿನಲ್ಲಿ ಹಿಂದೆ. ಕಿಲೋಮೀಟರ್ ಕಲ್ಲು ನೋಡಿ ಸೈಕಲ್ಲಿನ ಟೈಮು ಹಿಡಿಯುವುದು. ಕಾಲುವೆಯ ಎರಡು ಸೇತುವೆಗಳ ನಡುವೆ ಮೊಪೆಡ್ಡಿನ ಮೀಟರಿನಲ್ಲಿ ಅಳೆದ ಮುಕ್ಕಾಲು ಕಿಲೋಮೀಟರಿಗೆ ಈಜಿನ ಟೈಮು ಹಿಡಿಯುವುದು. ಮೇಲಿನ ಸೇತುವೆಯಲ್ಲಿ ಇಳಿದು ಕೆಳಗಿನ ಸೇತುವೆಯಲ್ಲಿ ಏಳುವುದು. ಟೈಮುಗಳನ್ನು ಒಂದು ಜೀನ್ಸ್ ತುಂಡಿನ ಮೇಲೆ ಟೈಲರ್ ಚಾಕಿನಲ್ಲಿ ಬರೆದು, ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹೋದ ವರ್ಷ ಗೆದ್ದವಳ ಟೈಮನ್ನು ಡ್ರಿಲ್ ಸಾರ್ ಯಾರನ್ನೋ ಕೇಳಿ ತಿಳಿದುಕೊಂಡಿದ್ದರು. ನಮ್ಮ ಹುಡುಗಿಯ ಈಜು ಅವಳದಕ್ಕಿಂತ ಎರಡು ನಿಮಿಷ ಕಡಿಮೆ. ನಾಲ್ಕು ತಿಂಗಳ ಹಿಂದೆ ಡಬ್ಬಿ ಕಟ್ಟಿಕೊಂಡಿದ್ದವಳು. ನನಗೆ ಸ್ವಲ್ಪವೂ ಅನುಮಾನ ಬರಲಿಲ್ಲ, ಹೆಮ್ಮೆ ಮಾತ್ರ ಬಂತು.

ಒಂದು ಸಂಜೆ ರೊಟ್ಟಿ ತಟ್ಟುತ್ತಾ ಹುಲಿಗೆಮ್ಮ, ಹಿಟ್ಟಿನ ಕಡೆಯೇ ನೋಡುತ್ತಾ ಒಂದು ಮಾತು ಕೇಳಿದಳು.

“ಅಲ್ರಿ, ನೀರು ಹೋಗೂ ಕಡೀಗೇ ಈಜಿಸ್ತೀರಲ್ಲ, ತಿರುಗಿ ಎದುರು ನೀರಿಗೆ ಬರಂಗಿಲ್ಲೇನು?”

ನಾನು ಅವಳಿಗೆ ಸಮಾಧಾನದಿಂದ ವಿವರಿಸಿದೆ. ಸ್ಪರ್ಧೆ ನಡೆಯುವುದು ಕರಾವಳಿ ಕಡೆಯ ಒಂದು ದೊಡ್ಡ ಕೆರೆಯಲ್ಲಿ, ಅದು ನಿಂತ ನೀರು. ಹರಿಯುವ ನೀರು ಮನುಷ್ಯನನ್ನು ಎಳೆದಾಡುತ್ತದೆ, ನಿಂತ ನೀರು ತನ್ನ ಪಾಡಿಗೆ ತಾನಿರುತ್ತದೆ. ಎಳೆದಾಡುವ ನೀರಿನಲ್ಲಿ ಇಷ್ಟು ಬೇಗ ಈಜುವವಳು ನಿಂತ ನೀರಿನಲ್ಲಿ ಇನ್ನೂ ಬೇಗ ಈಜುತ್ತಾಳೆ. ಇದು ನನ್ನ ವಾದ, ಇದನ್ನು ನಾನು ಮನಸಾರೆ ನಂಬಿದ್ದೆ. ಮಡಕಶಿರಾ ಕಡೆ ನಾನು ಕಂಡ ನೀರೆಲ್ಲ ನಿಂತದ್ದೇ: ಕೆರೆ, ಬಾವಿ, ತೊಟ್ಟಿ. ನೀರು ನಡೆದುಕೊಂಡು ಹೋಗುವುದನ್ನು ನಾನು ಮೊದಲು ನೋಡಿದ್ದು ಮದುವೆಯಾದ ಮೇಲೆ. ಅದು ಎತ್ತಲೋ ಹೋಗುತ್ತಿದೆ ಅಂತ ಗೊತ್ತಿತ್ತು. ಹೋಗುವಾಗ ನಮ್ಮ ಹುಡುಗಿಯನ್ನೂ ಹೊತ್ತುಕೊಂಡು ಹೋಗುತ್ತಿದೆ ಅಂತ ಹೊಳೆಯಲಿಲ್ಲ. ಆಟದ ವಿಷಯ ನಿನಗೆ ತಿಳಿಯುವುದಿಲ್ಲ ಅಂತ ಕೊನೆಗೆ ಹೇಳಿದೆ. ಹುಲಿಗೆಮ್ಮ ಹೌದ್ರಿ ಅಂದು ರೊಟ್ಟಿ ತಿರುವಿದಳು. ಅವಳು ಇಷ್ಟು ಬೇಗ ಒಪ್ಪಿಕೊಂಡರೆ ನಾನು ಎಚ್ಚರವಾಗಬೇಕಿತ್ತು, ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟಾದರೂ ಕಲಿಯಬೇಕಿತ್ತು.

ಆಮೇಲಿನ ಭಾನುವಾರಗಳಲ್ಲಿ ಅವಳು ಅಂಜಿನಿಯನ್ನು ಕರೆದುಕೊಂಡು ತವರಿಗೆ ಹೋಗತೊಡಗಿದಳು. ಕಂಬಳಿ, ಕೌದಿ ಒಗೆಯಬೇಕು, ಇಲ್ಲಿಯ ಗಡಸು ನೀರಿನಲ್ಲಿ ಕೊಳೆ ಬಿಡುವುದಿಲ್ಲ ಅನ್ನುವುದು ಕಾರಣ. ಬೆಲ್ಟಿನವರಿಗೆ ಶುಕ್ರವಾರದ ಕೆಲಸ ಸರಿದೂಗಿಸಲು ಭಾನುವಾರವೂ ಡ್ಯೂಟಿ, ಹೀಗಾಗಿ ನಾನು ಹೋಗುವಂತಿರಲಿಲ್ಲ. ನಮ್ಮ ಮನೆಯಲ್ಲಿ ಇರುವುದು ನಾಲ್ಕು ಕಂಬಳಿ. ಆ ವರ್ಷ ಅವುಗಳನ್ನು ಒಗೆದಷ್ಟು ಸಲ ಯಾವ ಕಂಬಳಿಯನ್ನೂ ಯಾರೂ ಒಗೆದಿರಲಾರರು.

ಸ್ಪರ್ಧೆಗೆ ಒಂದು ತಿಂಗಳಿದ್ದಾಗ ಅಕ್ಕನ ಫೋನು ಬಂತು. ಮಗಳು ಈಜುವ ಬಟ್ಟೆ ಹಾಕಿಕೊಂಡು ನೀರಿನಲ್ಲಿ ಇರುವಷ್ಟು ಹೊತ್ತು ಇರಲಿ, ಅದು ನೀರು. ಆದರೆ ಒದ್ದೆ ಬಟ್ಟೆಯಲ್ಲಿ ರಸ್ತೆಯ ಮೇಲೆ ಸೈಕಲ್ ತುಳಿಯುವುದು ಬೇಡ, ಮೇಲೊಂದು ಮೊಣಕಾಲವರೆಗಿನ ಪ್ಯಾಂಟು ಹಾಕಿಕೊಳ್ಳಲಿ ಅಂತ. ಅಂಜಿನಿ ಒಪ್ಪಿ ಮಾತು ಕೊಟ್ಟಳು. ಡ್ರಿಲ್ ಸಾರ್, ಬಳ್ಳಾರಿಯಲ್ಲಿ ಅಂಥ ಚಡ್ಡಿ ಸಿಗುತ್ತದೆ, ತಂದರಾಯಿತು ಅಂದರು. ನನಗೆ ಅವಮಾನವಾಯಿತು. ಮನೆಯಲ್ಲಿ ಟೈಲರ್ ಇದ್ದುಕೊಂಡು ಚಡ್ಡಿಯನ್ನು ಅಂಗಡಿಯಲ್ಲಿ ತರುವುದೇ. ನಾನೇ ಹೊಲಿಯುತ್ತೇನೆ ಅಂದೆ.

ಹದಿನೇಳು ವರ್ಷದ ಮೇಲೆ ಪೂರ್ತಿ ಒಂದು ಪ್ಯಾಂಟು, ನನ್ನೊಬ್ಬನ ಕೈಯಲ್ಲಿ. ಯೂನಿಟ್ಟಿನಲ್ಲಿ ಸ್ಯಾಂಪಲ್ಲಿಗೆ ಬಂದಿದ್ದ ಹಗುರವಾದ ಜಗ್ಗುವ ಬಟ್ಟೆ ಕೇಳಿ ಪಡೆದೆ. ಅಳತೆ ತೆಗೆದೆ, ಕತ್ತರಿಸಿದೆ, ಊಟದ ಬಿಡುವಿನಲ್ಲಿ ಕೂತು ಹೊಲಿದೆ. ಬಂದು ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ಓಡುವ ಚಡ್ಡಿಗೆ ಬೆಲ್ಟ್ ಯಾಕೆ ಮಾಸ್ಟರ್ ಅಂತ ಜೇಬಿನವರು ಕೇಳಿದರು. ಬೆಲ್ಟಿಲ್ಲದ ಪ್ಯಾಂಟು ನನ್ನ ಕಣ್ಣಿಗೆ ಪ್ಯಾಂಟೇ ಅಲ್ಲ. ಅಂಥ ಬೆಲ್ಟನ್ನು ನಾನು ಜೀವನದಲ್ಲಿ ಹಾಕಿರಲಿಲ್ಲ. ಎಲ್ಲೂ ಒಂದು ನೆರಿಗೆ ಇಲ್ಲ, ಹೊಲಿಗೆ ಗೆರೆ ಎಳೆದ ಹಾಗೆ. ಫಾತಿಮಾಬಿ, ಕಾಜಾ ನಾನು ಹಾಕ್ತೀನಿ ಕೊಡ್ರಿ ಮಾಸ್ಟರ್, ಒಂದು ನಿಮಿಷದ ಕೆಲಸ ಅಂತ ಕೈ ಚಾಚಿದಳು. ನಾನು ಕೊಡಲಿಲ್ಲ. ಮಡಕಶಿರಾದ ಅಂಗಡಿಯಲ್ಲಿ ಕೈಯಲ್ಲೇ ಕಾಜಾ ಕಟ್ಟುತ್ತಿದ್ದವನು ನಾನು. ಸೂಜಿ ದಾರ ತೆಗೆದುಕೊಂಡು ನಾನೇ ಕಟ್ಟಿದೆ. ಅಂಜಿನಿ ಮನೆಯಲ್ಲಿ ಒಂದು ಸಲ ಹಾಕಿ ನೋಡಿ, ಚೆನ್ನಾಗೈತೆ ಮಾಮ, ಕಾಜಾ ಒಂಚೂರು ಬಿಗಿ ಅಂದಳು. ಹೊಸದು ಬಿಗಿಯಾಗಿಯೇ ಇರುತ್ತದೆ, ಆ ದಿನಕ್ಕೆ ಹೊಸದಾಗಿಯೇ ಇರಲಿ ಅಂತ ಹೇಳಿ ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ. ಹಬ್ಬಕ್ಕೆ ಹೊಲಿದ ಬಟ್ಟೆಯನ್ನು ಹಬ್ಬಕ್ಕೆ ಮುಂಚೆ ಯಾರು ಹಾಕುತ್ತಾರೆ.

ಹೊರಡುವ ಮುಂಚಿನ ಶನಿವಾರ ನೇಮಕಲ್ಲಿಗೆ ಹೋಗಿ ಆಂಜನೇಯನಿಗೆ ಕಾಯಿ ಒಡೆಸಿಕೊಂಡು ಬಂದೆವು. ಅಂಜಿನಿಗೆ ಆ ಸ್ವಾಮಿಯದೇ ಹೆಸರು. ಪ್ರದಕ್ಷಿಣೆ ಹಾಕುವಾಗ ಹುಲಿಗೆಮ್ಮ ನನಗೆ ಮಾತ್ರ ಕೇಳುವಂತೆ, ಸ್ವಾಮಿ ಸಮುದ್ರ ಹಾರ್ಯಾನ, ಈಜಿಲ್ಲ, ನೀರಿನ ವಿಷಯ ನಾವ ನೋಡ್ಕೊಬೇಕ್ರಿ ಅಂದಳು. ನೋಡಿಕೊಂಡಾಗಿದೆ ಅಂತ ಜೇಬಿನ ಜೀನ್ಸ್ ತುಂಡನ್ನು ಮುಟ್ಟಿ ತೋರಿಸಿದೆ.

ಸ್ಪರ್ಧೆಯ ದಿನ ಆ ಕೆರೆಯ ದಂಡೆಯಲ್ಲಿ ನಿಂತ ಹುಡುಗಿಯರು ಇಪ್ಪತ್ತನಾಲ್ಕು ಜನ. ಹೆಚ್ಚಿನವರು ಕರಾವಳಿಯವರು, ಮಾತು ಕಲಿಯುವ ಮುಂಚೆ ಈಜು ಕಲಿತವರು. ಅವರ ಭುಜಗಳ ಪಕ್ಕದಲ್ಲಿ ನಮ್ಮ ಅಂಜಿನಿ ಮೀಟರ್ ಕೋಲಿನ ಹಾಗೆ ಕಾಣುತ್ತಿದ್ದಳು. ಸೀಟಿ ಊದಿದರು, ನೀರೆಲ್ಲ ನೊರೆಯಾಯಿತು. ನಾನು ಗಡಿಯಾರ ಹಿಡಿದು, ಜೀನ್ಸ್ ತುಂಡು ಬಿಚ್ಚಿಕೊಂಡು ನಿಂತೆ. ನಮ್ಮ ಹುಡುಗಿ ಏಳಬೇಕಾದ ನಿಮಿಷ ಬಂತು, ಹೋಯಿತು. ದಂಡೆಯಲ್ಲಿ ಯಾರೂ ಇಲ್ಲ. ಗೆಲ್ಲುವವಳು ಕೂಡ ಇನ್ನೂ ನೀರಿನಲ್ಲೇ ಇದ್ದಾಳೆ. ನಂತರ ಒಬ್ಬಳು ಎದ್ದಳು, ಇನ್ನೊಬ್ಬಳು, ಮೂವರು ಒಟ್ಟಿಗೆ. ಹುಡುಗಿ ಮುಳುಗಿದಳು ಅಂತಲೇ ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಒಂಬತ್ತನೆಯವಳಾಗಿ ಅಂಜಿನಿ ಎದ್ದಳು. ನಾನು ಸೋತ ಮುಖ ಹೊತ್ತು ಹೆಂಡತಿಯ ಕಡೆ ತಿರುಗಿದೆ. ಹುಲಿಗೆಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂಬತ್ತನೇದು, ಭಾಳ ಚಲೋ ಆತು, ಭಾಳ ಚಲೋ ಆತು ಅಂತ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಿದ್ದಳು. ಇವಳಿಗೆ ಒಂಬತ್ತು ದೊಡ್ಡದೋ ಒಂದು ದೊಡ್ಡದೋ ಗೊತ್ತಿಲ್ಲ ಅಂತ ನನಗೆ ಸಿಟ್ಟು ಬಂತು.

ಸಿಟ್ಟು ಬಹಳ ಹೊತ್ತು ಉಳಿಯಲಿಲ್ಲ, ಯಾಕೆಂದರೆ ಅಂಜಿನಿ ಸೈಕಲ್ಲಿನ ಹತ್ತಿರ ಬಂದು ನಾನು ಹೊಲಿದ ಪ್ಯಾಂಟಿಗೆ ಕಾಲು ತೂರಿಸಿದಳು. ಗುಂಡಿಗೆ ಕೈ ಹಾಕಿದಳು. ಗುಂಡಿ ಕಾಜಾಕ್ಕೆ ಹೋಗಲಿಲ್ಲ. ಅವಳ ಬೆರಳುಗಳು ಒದ್ದೆ, ತಣ್ಣೀರಿನಲ್ಲಿ ಇದ್ದು ಮರಗಟ್ಟಿದ್ದವು. ಮತ್ತೆ ಒತ್ತಿದಳು, ಜಾರಿತು. ಹಗ್ಗದ ಈಚೆ ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಹೊರಗಿನವರು ಮುಟ್ಟಿದರೆ ಹುಡುಗಿಯನ್ನು ಆಟದಿಂದ ತೆಗೆಯುತ್ತಾರೆ. ಹಾಕದೆ ಹೋಗುವಂತೆಯೂ ಇಲ್ಲ. ಸೊಂಟವನ್ನು ನಾನು ಸಡಿಲ ಇಟ್ಟಿದ್ದೆ, ಗುಂಡಿ ಹಾಕದಿದ್ದರೆ ಪ್ಯಾಂಟು ನಿಲ್ಲುವುದಿಲ್ಲ. ನಮ್ಮ ಯೂನಿಟ್ಟಿನಲ್ಲಿ ಹೊಲಿದ ಪ್ರತಿಯೊಂದು ಪ್ಯಾಂಟೂ ವಾಷಿಂಗಿಗೆ ಹೋಗುತ್ತದೆ. ಅಲ್ಲಿ ಸೊಂಟ ಕುಗ್ಗುತ್ತದೆ, ಕಾಜಾ ಸಡಿಲವಾಗುತ್ತದೆ. ಅದಕ್ಕೆ ಬೆಲ್ಟನ್ನು ಒಂದು ಬೆರಳು ದೊಡ್ಡದು, ಕಾಜಾವನ್ನು ಒಂದು ಕೂದಲು ಚಿಕ್ಕದು ಮಾಡುವುದು ನಮ್ಮ ಪದ್ಧತಿ. ಹದಿನೇಳು ವರ್ಷದಲ್ಲಿ ನಾನು ಹೊಲಿದದ್ದನ್ನು ತೊಳೆಯದೆ ಯಾರೂ ಹಾಕಿಕೊಂಡಿರಲಿಲ್ಲ. ತೊಳೆಯದ ಮೊದಲ ಪ್ಯಾಂಟು ಇದು, ಅದೂ ಪೆಟ್ಟಿಗೆಯಲ್ಲಿ ಹೊಸದಾಗಿ ಇರಲಿ ಅಂತ ನಾನೇ ಕಾಪಾಡಿದ್ದು. ಒಬ್ಬಳು ಅವಳನ್ನು ದಾಟಿ ಹೋದಳು. ಇನ್ನೊಬ್ಬಳು. ನನ್ನ ಕೈಯಲ್ಲಿ ಗಡಿಯಾರ ತನ್ನ ಪಾಡಿಗೆ ಓಡುತ್ತಿತ್ತು. ಗುಂಡಿ ಬಿದ್ದಾಗ ಮೂವತ್ತೆಂಟು ಸೆಕೆಂಡು ಆಗಿತ್ತು. ಅಷ್ಟು ಉದ್ದದ ಮೂವತ್ತೆಂಟು ಸೆಕೆಂಡನ್ನು ನಾನು ಬದುಕಿನಲ್ಲಿ ಇನ್ನೊಮ್ಮೆ ಕಂಡಿಲ್ಲ.

ಸೈಕಲ್ಲಿನಿಂದ ಅವಳು ಎಂಟನೆಯವಳಾಗಿ ಇಳಿದಳು. ಓಟಕ್ಕೆ ಕಾಲಿಟ್ಟಾಗ ಮೊದಲ ನೂರು ಮೀಟರು ಕಾಲು ಬೇರೆ ಯಾರದ್ದೋ ಅನ್ನುವ ಹಾಗೆ ಹಾಕಿದಳು. ಆಮೇಲೆ ಆ ಕಾಲುಗಳಿಗೆ ಅವಳ ನೆನಪು ಬಂತು. ಕೆರೆಯ ಸುತ್ತಲಿನ ರಸ್ತೆ ದೂರದವರೆಗೆ ಕಾಣುತ್ತಿತ್ತು. ಅವಳು ಒಬ್ಬೊಬ್ಬರನ್ನೇ ದಾಟುವುದನ್ನು ನಾವು ನಿಂತಲ್ಲಿಂದಲೇ ನೋಡಿದೆವು. ಏಳು, ಆರು, ಐದು, ನಾಲ್ಕು. ನಮ್ಮ ಜೊತೆ ಬಂದಿದ್ದ ಡ್ರಿಲ್ ಸಾರ್ ಒಂದೊಂದೇ ಬೆರಳು ಮಡಚುತ್ತಿದ್ದರು. ಕೊನೆಯ ತಿರುವಿನಲ್ಲಿ ಮೂರನೆಯವಳ ಬೆನ್ನು ಇನ್ನೇನು ಕೈಗೆ ಸಿಗುವಂತಿತ್ತು. ಸಿಗಲಿಲ್ಲ. ಹನ್ನೊಂದು ಸೆಕೆಂಡಿನಿಂದ ಅಂಜಿನಿ ನಾಲ್ಕನೆಯವಳಾದಳು. ಆ ದಿನ ಓಡಿದವರಲ್ಲೆಲ್ಲ ಐದು ಕಿಲೋಮೀಟರನ್ನು ಬೇಗ ಮುಗಿಸಿದವಳು ಅವಳೇ ಅಂತ ಮೈಕಿನಲ್ಲಿ ಹೇಳಿದರು. ತಂಡಕ್ಕೆ ಮೂರೇ ಹೆಸರು ಓದಿದರು. ಮೂವತ್ತೆಂಟರಲ್ಲಿ ಹನ್ನೊಂದು ಹೋದರೆ ಎಷ್ಟು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಸೈಕಲ್ಲುಗಳ ಹಿಂದೆ ಹೋಗಿ, ಮುಖ ತೊಳೆಯುವ ನೆಪದಲ್ಲಿ ಅತ್ತುಬಿಟ್ಟೆ.

ಮಧ್ಯಾಹ್ನ ಮರದ ಕೆಳಗೆ ಹುಲಿಗೆಮ್ಮ ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿದಾಗ ನಾನು ಮೊದಲು ಕೇಳಿದ್ದು ನೀರಿನ ವಿಷಯ. ಜೀನ್ಸ್ ತುಂಡನ್ನು ಮುಂದಿಟ್ಟು, ಇಲ್ಲಿ ಬರೆದ ಟೈಮು ಎಲ್ಲಿ ಹೋಯಿತು ಅಂದೆ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಜಿನಿ ತಲೆ ತಗ್ಗಿಸಿಕೊಂಡು ಹೇಳಿದಳು.

“ಅದು ಕಾಲುವೆ ಟೈಮು ಮಾಮ, ನಂದಲ್ಲ. ಅತ್ತೆ ಭಾನುವಾರ ಭಾನುವಾರ ಎದುರು ನೀರಿಗೆ ಈಜಿಸ್ತಿದ್ಲು. ಮೊದಮೊದ್ಲು ಒಗೆಯೋ ಕಲ್ಲಿನ ಹತ್ರಾನೇ ನಿಂತ್ಬಿಡ್ತಿದ್ದೆ, ಕೈ ಬಡಿದ್ರೂ ಕಲ್ಲು ದಾಟ್ತಿರ್ಲಿಲ್ಲ. ಕಡೇಕಡೇಗೆ ಸೇತುವೆ ಮುಟ್ಟಿದೆ.”

ನಾಲ್ಕು ಕಂಬಳಿಗಳ ಗುಟ್ಟು ನನಗೆ ಆಗ ತಿಳಿಯಿತು. ಇಷ್ಟು ತಿಂಗಳು ನನಗೊಂದು ಮಾತು ಯಾಕೆ ಹೇಳಲಿಲ್ಲ ಅಂತ ಹೆಂಡತಿಯನ್ನು ಕೇಳಿದೆ. ಕೇಳುವಾಗ ದನಿ ಸ್ವಲ್ಪ ಏರಿತ್ತು. ಹುಲಿಗೆಮ್ಮ ರೊಟ್ಟಿ ಮುರಿದು ಮೊದಲು ಹುಡುಗಿಯ ಕೈಗೆ, ಆಮೇಲೆ ನನ್ನ ಕೈಗೆ ಕೊಟ್ಟಳು.

“ಹೇಳಿದ್ರ ಆ ಅರಿವೀ ತುಂಡು ಒರೆಸಬೇಕಾಗ್ತಿತ್ರಿ. ಶುಕ್ರವಾರ ಶುಕ್ರವಾರ ಅದನ್ನ ಬಿಚ್ಚಿ ನೋಡ್ಕೊಂತ ನೀವು ಅಷ್ಟು ಖುಷೀಲೆ ಕುಂದ್ರೂದು, ನಮಗ ಒರೆಸಾಕ ಮನಸು ಬರಲಿಲ್ಲ.”

ನಾನು ಆ ಜೀನ್ಸ್ ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಓಟಗಾರ್ತಿ ಈಜಬಲ್ಲಳೇ ಅನ್ನುವ ಪ್ರಶ್ನೆಗೆ ಅಂಜಿನಿ ಉತ್ತರ ಕೊಟ್ಟಾಗಿತ್ತು. ಕೆಟ್ಟದ್ದು ಈಜಿನಲ್ಲಿ ಅಲ್ಲ, ಸೈಕಲ್ಲಿನಲ್ಲಿ ಅಲ್ಲ. ಎರಡನ್ನೂ ಜೋಡಿಸುವ ಜಾಗದಲ್ಲಿ, ಅಲ್ಲಿ ಅವಳ ಕೆಲಸ ಏನೂ ಇರಲಿಲ್ಲ, ನನ್ನದಿತ್ತು. ನೀರಿನ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಇವರಿಬ್ಬರು ಸದ್ದಿಲ್ಲದೆ ಸರಿಮಾಡಿಕೊಂಡಿದ್ದರು. ಕಾಜಾವನ್ನು ಮಾತ್ರ ನಂಬಿದ್ದರು, ಹೊಲಿಗೆ ನನ್ನ ಕಸುಬು ಅಂತ. ನಾನು ಆ ಮಾತನ್ನು ಬಾಯಿಬಿಟ್ಟು ಹೇಳಿದೆ, ನಿನ್ನ ಸೀಟು ನನ್ನ ಕೈಯಿಂದ ಹೋಯಿತು ಅಂದೆ. ಅಂಜಿನಿ ನನ್ನ ಮುಖ ನೋಡಲಿಲ್ಲ. ರೊಟ್ಟಿ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಬಹಳ ಹೊತ್ತು ಕೆರೆಯನ್ನು ನೋಡುತ್ತಾ ಕೂತಿದ್ದಳು, ಬಳ್ಳಾರಿಯ ಬಸ್ಸಿನಲ್ಲಿ ಕೂತಿದ್ದ ಹಾಗೆ. ಈ ಸಲ ಮಾತ್ರ ಕೊನೆಗೆ ಇತ್ತ ತಿರುಗಿದಳು.

“ಇನ್ನೊಂದ್ ವರ್ಷ ಐತೆ ಮಾಮ. ಈಜು ನಾನು ನೋಡ್ಕಂತೀನಿ. ನೀನು ಬೆಲ್ಟ್ ಬಿಟ್ಟು ಇಲಾಸ್ಟಿಕ್ ಹಾಕು.”

ಊರಿಗೆ ಬಂದು ಎರಡು ದಿನ ಬಿಟ್ಟು ಆ ಪ್ಯಾಂಟನ್ನು ಚೀಲದಲ್ಲಿಟ್ಟುಕೊಂಡು ಯೂನಿಟ್ಟಿಗೆ ಹೋದೆ. ಇಲಾಸ್ಟಿಕ್ ಹಾಕುವುದು ನನಗೆ ಬರುವುದಿಲ್ಲ. ಈ ಮಾತನ್ನು ಯಾರಿಗಾದರೂ ಹೇಳಬೇಕು ಅಂತ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಚಹಾ ಹೊತ್ತಿನಲ್ಲಿ ಫಾತಿಮಾಬಿಯ ಮುಂದೆ ನಿಂತು, ಬೆಲ್ಟ್ ತೆಗೆದು ಇಲಾಸ್ಟಿಕ್ ಕೂರಿಸುವುದು ಹೇಗೆ, ಸ್ವಲ್ಪ ಹೇಳಿಕೊಡಮ್ಮ ಅಂದೆ. ಅವಳು ಪ್ಯಾಂಟನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಒಳಗೆ ಹೊರಗೆ ತಿರುವಿ ನೋಡಿದಳು. ಹೆಬ್ಬೆರಳನ್ನು ಕಾಜಾದ ಮೇಲೆ ಆಡಿಸಿ, ಗುಂಡಿಯನ್ನು ಒಂದು ಸಲ ತೂರಿಸಲು ನೋಡಿ, ಬಿಟ್ಟುಬಿಟ್ಟಳು. ಅವತ್ತು ಕೈ ಚಾಚಿ ಕೇಳಿದ್ದು ಇದೇ ಪ್ಯಾಂಟು ಅಂತ ಅವಳಿಗೆ ಗೊತ್ತಿರಲಿಲ್ಲ ಅಂತ ನಾನು ಈಗಲೂ ನಂಬಲಾರೆ.

“ಕಾಜಾ ಯಾರೋ ಹೊಸಬರು ಹಾಕ್ಯಾರ್ರಿ ಮಾಸ್ಟರ್” ಅಂದಳು, ಮುಖದಲ್ಲಿ ಒಂದು ಗೆರೆಯೂ ಕದಲದೆ. “ಬೆಲ್ಟ್ ಮಾತ್ರ ಕೆಲಸ ತಿಳಿದವರದು. ಬಿಚ್ಚಾಕ ಮನಸು ಬರವಲ್ದು.”

ಬಿಚ್ಚು ಅಂತ ಹೇಳಿ, ಅವಳ ಪಕ್ಕದ ಸ್ಟೂಲಿನಲ್ಲಿ ಕಲಿಯಲು ಕೂತೆ.